ಬಿಸಿಗಾಳಿ, ಕೆಸರುನೀರು, ಜಾರುವ ಗುಡ್ಡ: ಯಾವ ಸಿಮ್ಯುಲೇಶನ್ ಯಾರಿಗೆ?

"ಓಪನ್‌ಫೋಮ್ ಕಲಿಯಲಾ, ಎಫ್‌ಡಿಎಸ್ ಸಾಕಾ, ಇಲ್ಲಾ ಫ್ಲುಯೆಂಟ್‌ನಲ್ಲೇ ಮುಗಿಸಿಬಿಡಲಾ?"

ಈ ಮೂರೂ ಗಾಳಿ, ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ, ಅಂದರೆ ಸಿಮ್ಯುಲೇಶನ್ ಮಾಡುವ ತಂತ್ರಾಂಶಗಳು. ಕೊಡಗಿನಲ್ಲಿ ಇಂಥ ಪ್ರಶ್ನೆ ಕೇಳುವವರೂ ಇದ್ದಾರೆ ಅಂದರೆ ಹೊರಗಿನವರು ನಗುತ್ತಾರೆ. ಆದರೆ ಈ ವರ್ಷ ನನಗೆ ಮೂರು ಕಡೆಯಿಂದ ಇದೇ ಪ್ರಶ್ನೆ ಬಂತು. ಮೊದಲನೆಯದು ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಹುಡುಗಿಯದು. ಮಳೆಗಾಲದಲ್ಲಿ ಕೆಸರುನೀರು ಹಾರಂಗಿ ಜಲಾಶಯಕ್ಕೆ ನುಗ್ಗಿದಾಗ ಅದು ಮೇಲೆ ಹರಡುತ್ತದೋ, ತಳಕ್ಕೆ ಇಳಿಯುತ್ತದೋ ಎಂಬುದು ಅವಳ ಪ್ರಾಜೆಕ್ಟ್. ಎರಡನೆಯವರು ಸೋಮವಾರಪೇಟೆ ಕಡೆಯ ಬೆಳೆಗಾರರು. ಅವರ ಏಲಕ್ಕಿ ಒಣಗಿಸುವ ಕೋಣೆಯಲ್ಲಿ ಮೇಲಿನ ಟ್ರೇ ಸುಟ್ಟ ಹಾಗೆ ಆಗುತ್ತದೆ, ಮೂಲೆಯದು ಹಸಿಯಾಗಿಯೇ ಉಳಿಯುತ್ತದೆ. ಮೂರನೆಯವನು ನನ್ನ ದೊಡ್ಡಮ್ಮನ ಮಗ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಜಾಗದ ಹತ್ತಿರವೇ ಅವನ ತೋಟ. ಮಣ್ಣು ಎಲ್ಲಿಂದ ಎಲ್ಲಿಗೆ ಹರಿಯಿತು ಅಂತ ಕಂಪ್ಯೂಟರಿನಲ್ಲಿ ನೋಡಬೇಕು ಎನ್ನುವುದು ಅವನ ಆಸೆ.

ಮೂರಕ್ಕೂ ಒಂದೇ ಬೇರು. ಇಲ್ಲಿ ಪಂಪ್ ಇಲ್ಲ, ಫ್ಯಾನ್ ಇಲ್ಲ. ಒಂದು ಕಡೆಯ ಗಾಳಿ ಅಥವಾ ನೀರು ಪಕ್ಕದ್ದಕ್ಕಿಂತ ಭಾರವಾಗಿದೆ. ಭಾರದ್ದು ಕೆಳಗೆ ಜಾರುತ್ತದೆ, ಹಗುರಾದದ್ದು ಮೇಲೇಳುತ್ತದೆ. ಬೆಳಿಗ್ಗೆ ಮಡಿಕೇರಿಯ ರಾಜಾಸೀಟಿನಿಂದ ಕೆಳಗೆ ನೋಡಿದರೆ ಕಣಿವೆಯಲ್ಲಿ ಮಂಜು ಕೆರೆಯ ನೀರಿನ ಹಾಗೆ ನಿಂತಿರುತ್ತದಲ್ಲ, ಅಲ್ಲೂ ಇದೇ ಕೆಲಸ. ರಾತ್ರಿ ತಣ್ಣಗಾದ ಭಾರದ ಗಾಳಿ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ತುಂಬಿಕೊಂಡಿರುತ್ತದೆ. ಬೇರು ಒಂದೇ ಆದರೂ ಮೂವರಿಗೂ ನಾನು ಹೇಳಿದ ತಂತ್ರಾಂಶ ಬೇರೆ ಬೇರೆ. ಒಬ್ಬರಿಗಂತೂ ಮೊದಲು ಕ್ಯಾಲ್ಕುಲೇಟರ್ ಸಾಕು ಎಂದೆ.

ಏನನ್ನು ನೋಡಿ ಆರಿಸಬೇಕು

ಎಲ್ಲರೂ ಮೊದಲು ಕೇಳುವುದು "ಯಾವುದು ಒಳ್ಳೆಯದು" ಅಂತ. ಆ ಪ್ರಶ್ನೆಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಮೊದಲು ಕೇಳಬೇಕಾದದ್ದು: ತೂಕದ ವ್ಯತ್ಯಾಸ ಯಾವುದರಿಂದ ಬರುತ್ತಿದೆ? ಶಾಖದಿಂದಲೇ, ಆವಿಯಿಂದಲೇ, ಉಪ್ಪಿನಿಂದಲೇ, ಮಣ್ಣಿನಿಂದಲೇ? ಅದು ಎಷ್ಟು?

ಹಾರಂಗಿಯ ಲೆಕ್ಕವನ್ನೇ ತೆಗೆದುಕೊಳ್ಳಿ. 20 ಡಿಗ್ರಿಯ ಶುದ್ಧ ನೀರು ಘನ ಮೀಟರಿಗೆ 998.2 ಕಿಲೋ ತೂಗುತ್ತದೆ. 25 ಡಿಗ್ರಿಯದು ಸುಮಾರು 997. ಐದು ಡಿಗ್ರಿಗೆ ಒಂದು ಕಿಲೋ ಚಿಲ್ಲರೆ ವ್ಯತ್ಯಾಸ, ಅಷ್ಟೇ. ಈಗ ಮಣ್ಣು ಸೇರಿಸಿ. ಮಣ್ಣಿನ ಕಣದ ಸಾಂದ್ರತೆ ಸುಮಾರು 2650. ಲೀಟರಿಗೆ ಬರೀ 1 ಗ್ರಾಂ ಮಣ್ಣು ಕಲೆತರೆ ಘನ ಮೀಟರಿಗೆ 0.62 ಕಿಲೋ ಜಾಸ್ತಿ. ಅಂದರೆ ನಮ್ಮ ಕಡೆಯ ನೀರಿನಲ್ಲಿ ಎರಡೂವರೆ ಡಿಗ್ರಿ ತಂಪಿಗೆ ಸಮ. 10 ಗ್ರಾಂ ಇದ್ದರೆ 6.2 ಕಿಲೋ. ಅಷ್ಟು ಕೆಸರಿನ ಮುಂದೆ ಶಾಖದ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ನೋಡದೆ ಶಾಖವನ್ನು ಮಾತ್ರ ಲೆಕ್ಕ ಹಾಕುವ ಸಾಲ್ವರ್ (ತಂತ್ರಾಂಶದೊಳಗೆ ಸಮೀಕರಣ ಬಿಡಿಸುವ ಭಾಗ) ಹಿಡಿದರೆ, ಎಷ್ಟೇ ದುಬಾರಿ ತಂತ್ರಾಂಶವಾದರೂ ನೀರನ್ನು ತಪ್ಪು ಆಳಕ್ಕೆ ಕಳಿಸುತ್ತದೆ. ಬಣ್ಣಬಣ್ಣದ ಚಿತ್ರ ಮಾತ್ರ ಚೆನ್ನಾಗಿಯೇ ಬರುತ್ತದೆ!

ಇನ್ನೊಂದು ಮಾತು. 10 ಡಿಗ್ರಿಯ ನೀರಿನಲ್ಲಿ ಒಂದು ಡಿಗ್ರಿ ಏರಿದರೆ ಘನ ಮೀಟರಿಗೆ 0.09 ಕಿಲೋದಷ್ಟು ತೂಕ ಇಳಿಯುತ್ತದೆ. 25 ಡಿಗ್ರಿಯಲ್ಲಿ ಅದೇ ಒಂದು ಡಿಗ್ರಿಗೆ 0.26. ಚಳಿ ದೇಶದ ಸರೋವರಗಳ ಉದಾಹರಣೆಯಿಂದ ಸಂಖ್ಯೆ ನಕಲು ಮಾಡಿ ಹಾಕಿದರೆ ಇಲ್ಲಿ ಮೂರು ಪಟ್ಟು ತಪ್ಪು.

ಎರಡನೆಯದು ಗಾತ್ರ ಮತ್ತು ಆಕಾರ. ಮೂರು ಮೀಟರಿನ ಕೋಣೆ, ಕಿಲೋಮೀಟರುಗಟ್ಟಲೆ ಜಲಾಶಯ, ಗುಡ್ಡದ ಇಳಿಜಾರು, ಈ ಮೂರಕ್ಕೂ ಒಂದೇ ಬಲೆ ಹೆಣೆಯಲು ಆಗುವುದಿಲ್ಲ. ಬಲೆ ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಸಣ್ಣ ಕೋಶಗಳಾಗಿ ಕತ್ತರಿಸಿಕೊಳ್ಳುವುದು. ಕೋಶದ ಬದಿಯನ್ನು ಅರ್ಧಕ್ಕೆ ಇಳಿಸಿದರೆ ಕೋಶಗಳು ಎಂಟು ಪಟ್ಟು ಆಗುತ್ತವೆ. ಲೆಕ್ಕ ಒಂದು ಸಲಕ್ಕೆ ಮುಂದಿಡುವ ಸಮಯದ ಹೆಜ್ಜೆಯೂ ಅರ್ಧವಾಗಬೇಕು. ಒಟ್ಟು ಕೆಲಸ 16 ಪಟ್ಟು. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದದ್ದು 16 ಗಂಟೆ ಹಿಡಿಯುತ್ತದೆ.

ಮೂರನೆಯದು ಕಂಪ್ಯೂಟರ್ ಮತ್ತು ಕರೆಂಟ್. ಬೆಂಗಳೂರಿನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಕರೆಂಟಿನ ಮಾತೇ ಇರುವುದಿಲ್ಲ. ಇಲ್ಲಿ ಜುಲೈಯಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ದಿನ ಕತ್ತಲೆ. ಆದ್ದರಿಂದ ಲೆಕ್ಕ ನಿಂತಲ್ಲಿಂದ ಮತ್ತೆ ಶುರುವಾಗುತ್ತದೋ ಇಲ್ಲವೋ ಎಂಬುದು ನನ್ನ ಮಟ್ಟಿಗೆ ದೊಡ್ಡ ಮಾನದಂಡ.

ಉಳಿದವು ಎಲ್ಲರಿಗೂ ಗೊತ್ತಿರುವವು. ಕಲಿಯಲು ಎಷ್ಟು ತಿಂಗಳು ಇದೆ, ಸಿಕ್ಕಿಕೊಂಡರೆ ಯಾರನ್ನು ಕೇಳುವುದು, ಲೈಸೆನ್ಸಿಗೆ ದುಡ್ಡು ಎಷ್ಟು. ಕೊನೆಗೆ, ಉತ್ತರ ಯಾವ ಕೆಲಸಕ್ಕೆ? ಮಾರ್ಕ್ಸಿಗೋ, ಇಟ್ಟಿಗೆ ಕಟ್ಟುವುದಕ್ಕೋ, ಜನರ ಮನೆ ಉಳಿಸುವುದಕ್ಕೋ?

ಮೊದಲು ಕ್ಯಾಲ್ಕುಲೇಟರ್

ಏಲಕ್ಕಿ ಕೋಣೆಯ ಬೆಳೆಗಾರರು ನನ್ನ ಮಾತು ಕೇಳಿ ಹೇಳಿದ್ದು ಇಷ್ಟು: "ಅಲ್ಲ ಮಾರಾಯ, ಆವಿ ಹೋಗೋ ಗೂಡು ಎತ್ತರ ಮಾಡೋಕೆ ಕಂಪ್ಯೂಟರ್ ಯಾಕೆ?" ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ.

ಅವರ ಕೋಣೆ ಹಳೆಯ ಮಾದರಿಯದು. ಒಲೆ ಹೊರಗೆ. ಹೊಗೆ ಕಬ್ಬಿಣದ ಪೈಪಿನಲ್ಲಿ ಕೋಣೆಯೊಳಗೆ ಸುತ್ತಿ ಹೊರಗೆ ಹೋಗುತ್ತದೆ. ಪೈಪಿನ ಬಿಸಿಗೆ ಗಾಳಿ ಮೇಲೇಳುತ್ತದೆ, ಟ್ರೇಗಳ ನಡುವೆ ಹಾದು ಮಾಡಿನ ಗೂಡಿನಿಂದ ಹೊರಬೀಳುತ್ತದೆ. ಹೊರಗೆ 20 ಡಿಗ್ರಿ, ಒಳಗೆ 50 ಅಂತ ಇಟ್ಟುಕೊಳ್ಳಿ. ಕೆಳಗಿನ ಕಿಂಡಿಯಿಂದ ಮೇಲಿನ ಗೂಡಿನ ಬಾಯಿಗೆ 4 ಮೀಟರ್. ಸುಮಾರು 1,150 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹತ್ತಿರಹತ್ತಿರ 13 ಶೇಕಡಾ ಕಡಿಮೆ, 88 ಕಿಲೋಪ್ಯಾಸ್ಕಲ್. ಹೊರಗಿನ ಗಾಳಿ ಘನ ಮೀಟರಿಗೆ 1.05 ಕಿಲೋ, ಒಳಗಿನದು 0.95. ಈ ಒಂದು ಹಿಡಿ ವ್ಯತ್ಯಾಸವನ್ನು 4 ಮೀಟರಿಗೂ 9.8ಕ್ಕೂ ಗುಣಿಸಿದರೆ ಸುಮಾರು 3.8 ಪ್ಯಾಸ್ಕಲ್ ಎಳೆತ.

3.8 ಪ್ಯಾಸ್ಕಲ್ ಅಂದರೆ ಎಷ್ಟು? ಝೆರಾಕ್ಸ್ ಅಂಗಡಿಯ ಐದು ಹಾಳೆ ಒಂದರ ಮೇಲೊಂದು ಇಟ್ಟರೆ ಮೇಜಿನ ಮೇಲೆ ಬೀಳುವ ಒತ್ತಡ. ಇಷ್ಟೇ ಬಲದಲ್ಲಿ ಕೋಣೆಯ ಗಾಳಿಯೆಲ್ಲ ಓಡಾಡಬೇಕು. ತಡೆ ಏನೂ ಇಲ್ಲದಿದ್ದರೆ ಸೆಕೆಂಡಿಗೆ 2.8 ಮೀಟರ್ ವೇಗ. ಟ್ರೇ, ಜಾಲರಿ, ಕಿಂಡಿ ಎಲ್ಲ ತಿಂದು ಉಳಿಯುವುದು ಅದರ ಅರ್ಧ ಇರಬಹುದು. ಹೊರಗೆ ಗಂಟೆಗೆ 10 ಕಿಲೋಮೀಟರ್ ಗಾಳಿ ಬೀಸಿದರೂ ಅದರ ಒತ್ತಡ 4 ಪ್ಯಾಸ್ಕಲ್ ಆಗುತ್ತದೆ. ಗೂಡಿನ ಬಾಯಿ ಗಾಳಿಯ ಕಡೆಗೆ ಇದ್ದರೆ ಕಥೆ ಮುಗಿಯಿತು. ಹಬೆ ಒಳಗೇ ತಿರುಗುತ್ತದೆ. ನಮ್ಮ ಬೆಳೆಗಾರರ ಗೂಡು ಪಡುವಣಕ್ಕೇ ಮುಖ ಮಾಡಿತ್ತು. ಮುಂಗಾರು ಬರುವುದೂ ಅದೇ ದಿಕ್ಕಿನಿಂದ.

ಗೂಡನ್ನು 4ರಿಂದ 8 ಮೀಟರಿಗೆ ಏರಿಸಿದರೆ ವೇಗ ಎರಡು ಪಟ್ಟು ಆಗುವುದಿಲ್ಲ, ಸುಮಾರು 1.4 ಪಟ್ಟು ಆಗುತ್ತದೆ. ಇದನ್ನೆಲ್ಲ ಹೇಳಲು ಒಂದು ಹಾಳೆ, ಒಂದು ಪೆನ್ನು ಸಾಕು. ಹಾಳೆ ಹೇಳದೇ ಇರುವುದು ಒಂದೇ: ಯಾವ ಮೂಲೆಯ ಟ್ರೇಗೆ ಗಾಳಿ ಮುಟ್ಟುತ್ತಿಲ್ಲ? ಆ ಪ್ರಶ್ನೆಗೆ ಬಂದಾಗ ಕಂಪ್ಯೂಟರ್ ತೆರೆಯಬಹುದು.

ಎಫ್‌ಡಿಎಸ್: ಕೋಣೆ, ಹೊಗೆ, ಬಿಸಿಗಾಳಿಗೆ

ಇದು ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ ಬೆಂಕಿ ಅನಾಹುತಗಳ ಅಧ್ಯಯನಕ್ಕೆ ಮಾಡಿದ್ದು. ಮೊದಲ ಬಿಡುಗಡೆ 2000ದಲ್ಲಿ. ಪೂರ್ತಿ ಉಚಿತ. ವಿಂಡೋಸ್‌ನಲ್ಲಿ ನೇರವಾಗಿ ಇನ್‌ಸ್ಟಾಲ್ ಆಗುತ್ತದೆ. ಚಿತ್ರ ನೋಡಲು ಸ್ಮೋಕ್‌ವ್ಯೂ ಜೊತೆಗೇ ಬರುತ್ತದೆ. ಕೋಣೆ, ಗೋಡೆ, ಕಿಂಡಿ, ಬಿಸಿ ಮೇಲ್ಮೈ ಎಲ್ಲವನ್ನೂ ಒಂದು ಪಠ್ಯ ಫೈಲಿನಲ್ಲಿ ಸಾಲು ಸಾಲಾಗಿ ಬರೆಯುವುದು. ಮೌಸ್ ಹಿಡಿದು ಚಿತ್ರ ಬಿಡಿಸುವ ಗೊಡವೆ ಇಲ್ಲ. ಬೆಳೆಗಾರರ ಮಗ ಒಂದು ವಾರದಲ್ಲಿ ಕಲಿತ.

ಇದರ ದೊಡ್ಡ ಗುಣ, ನೀರಾವಿಯನ್ನು ಬೇರೆ ಅನಿಲವಾಗಿ ಲೆಕ್ಕ ಹಾಕುತ್ತದೆ. ಹಸಿ ಗಾಳಿ ಒಣ ಗಾಳಿಗಿಂತ ಹಗುರ. ಜನ ಇದನ್ನು ತಿರುಗಾಮುರುಗಾ ನಂಬಿರುತ್ತಾರೆ. 50 ಡಿಗ್ರಿಯಲ್ಲಿ ಅರ್ಧ ತೇವ ತುಂಬಿದ ಗಾಳಿ ಎರಡೂವರೆ ಶೇಕಡಾದಷ್ಟು ಹಗುರವಾಗುತ್ತದೆ. 30 ಡಿಗ್ರಿ ಬಿಸಿಯಿಂದ ಬರುವ ವ್ಯತ್ಯಾಸ ಒಂಬತ್ತು ಶೇಕಡಾ ಅಂದಾಗ ಇದು ಬಿಟ್ಟುಬಿಡುವಂಥದ್ದಲ್ಲ.

ಗುಂಡಿಗಳೂ ಇವೆ. ಇದರ ಬಲೆ ಬರೀ ಚೌಕಾಕಾರ. ದುಂಡು ಪೈಪು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಇಳಿಜಾರು ಮಾಡೂ ಹಾಗೇ. ಇದು ಅನಿಲದ ಹರಿವಿಗೆ ಮಾಡಿದ್ದು. ಕೆಸರುನೀರಿಗೆ ಇದನ್ನು ಹಿಡಿಯಬೇಡಿ. ನಮ್ಮ ಕಡೆಯವರು ಖಂಡಿತ ಬೀಳುವ ಗುಂಡಿ ಇನ್ನೊಂದು. ಏನೂ ಹೇಳದಿದ್ದರೆ ಎಫ್‌ಡಿಎಸ್ ಸಮುದ್ರಮಟ್ಟದ ಒತ್ತಡ ಹಿಡಿಯುತ್ತದೆ, 1,01,325 ಪ್ಯಾಸ್ಕಲ್. ಮಡಿಕೇರಿಯ ಎತ್ತರಕ್ಕೆ ಅದನ್ನು ನೀವೇ ಬದಲಿಸಬೇಕು. ಬದಲಿಸದಿದ್ದರೂ ಗಾಳಿಯ ವೇಗ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಆ ಗಾಳಿ ಹೊತ್ತೊಯ್ಯುವ ಶಾಖ ಸುಮಾರು 15 ಶೇಕಡಾ ಜಾಸ್ತಿ ತೋರಿಸುತ್ತದೆ. ಸೌದೆಯ ಲೆಕ್ಕ ಕೆಡುತ್ತದೆ.

3 ಮೀಟರ್ ಉದ್ದ, ಅಗಲ, ಎತ್ತರದ ಕೋಣೆಗೆ 5 ಸೆಂಟಿಮೀಟರ್ ಕೋಶ ಇಟ್ಟರೆ 2,16,000 ಕೋಶಗಳು. 8 ಜಿಬಿಯ ಸಾಧಾರಣ ಲ್ಯಾಪ್‌ಟಾಪ್ ಇದನ್ನು ಹೊರುತ್ತದೆ. ಎರಡೂವರೆ ಸೆಂಟಿಮೀಟರಿಗೆ ಇಳಿದರೆ 17 ಲಕ್ಷ ದಾಟುತ್ತದೆ, ಆಗ ದಿನಗಟ್ಟಲೆ ಕಾಯಬೇಕು. ಯಾವ ಟ್ರೇ ಹಸಿ ಅಂತ ನೋಡಲು 5 ಸಾಕು. ಕರೆಂಟ್ ಹೋಗುವ ಊರಿಗೂ ಒಗ್ಗುತ್ತದೆ. ಇಂತಿಷ್ಟು ಹೊತ್ತಿಗೊಮ್ಮೆ ಉಳಿಸು ಎಂದು ಮೊದಲೇ ಬರೆದಿಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ. ಮೊದಲೇ ಬರೆದಿಡಬೇಕು ಅನ್ನುವುದನ್ನು ಮರೆಯಬೇಡಿ. ನಾನು ಮರೆತಿದ್ದೆ.

ಓಪನ್‌ಫೋಮ್: ಎಲ್ಲದಕ್ಕೂ, ತಾಳ್ಮೆ ಇದ್ದರೆ

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿ 2004ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದದ್ದು. ಗಾಳಿ, ನೀರು, ಕೆಸರು, ಎರಡು ಬೆರೆಯುವ ದ್ರವ, ಯಾವುದಕ್ಕೂ ಒಂದು ಸಾಲ್ವರ್ ಸಿಗುತ್ತದೆ. ವಕ್ರ ಆಕಾರಕ್ಕೂ ಬಲೆ ಹೆಣೆಯಬಹುದು. ಕೋಶದ ಸಂಖ್ಯೆಗೆ ಮಿತಿ ಇಲ್ಲ, ದುಡ್ಡು ಇಲ್ಲ. ಹತ್ತು ಲಕ್ಷ ಕೋಶಕ್ಕೆ 1ರಿಂದ 2 ಜಿಬಿ ಮೆಮೊರಿ ಅಂತ ಅಂದಾಜು ಇಟ್ಟುಕೊಳ್ಳಿ. ಕರೆಂಟ್ ಹೋಗಿ ಬಂದರೆ ಕೊನೆಗೆ ಬರೆದಿಟ್ಟ ಕ್ಷಣದಿಂದ ಶುರು ಮಾಡುತ್ತದೆ.

ಬೆಲೆ ತೆರುವುದು ಸಮಯದಲ್ಲಿ. ಮೂರು ತಿಂಗಳು ಕೊಡಲು ಆಗದವರು ಈ ಕಡೆ ತಲೆ ಹಾಕಬೇಡಿ. ಇದರ ಮನೆ ಲಿನಕ್ಸ್. ವಿಂಡೋಸ್‌ನಲ್ಲಿ ಅದರೊಳಗೇ ಲಿನಕ್ಸ್ ತೆರೆದುಕೊಳ್ಳುವ ದಾರಿ ಇದೆ. ಗುಂಡಿ ಒತ್ತುವ ಕಿಟಕಿಗಳಿಲ್ಲ, ಎಲ್ಲ ಫೈಲುಗಳೇ. ಸಹಾಯಕ್ಕೆ ಐಐಟಿ ಬಾಂಬೆಯ ಫೊಸ್ಸಿ ಯೋಜನೆಯ ಪಾಠಗಳು ಒಳ್ಳೆಯ ಆಸರೆ.

ಶುರು ಮಾಡುವವರು ಮೊದಲ ವಾರದಲ್ಲೇ ಎಡವುವುದು ಕವಲಿನಲ್ಲಿ. ಓಪನ್‌ಫೋಮ್ ಹೆಸರಿನಲ್ಲಿ ಎರಡು ಮುಖ್ಯ ಕವಲುಗಳಿವೆ. ಒಂದು ಓಪನ್‌ಫೋಮ್ ಫೌಂಡೇಶನ್ ಎಂಬ ಸಂಸ್ಥೆಯದು. ಅದಕ್ಕೆ 11, 12 ಅಂತ ಸಣ್ಣ ಸಂಖ್ಯೆ. ಇನ್ನೊಂದು ಇಎಸ್‌ಐ ಎಂದು ಕರೆಯುವುದು. ಅದಕ್ಕೆ 2312, 2406 ಅಂತ ವರ್ಷ ತಿಂಗಳ ಸಂಖ್ಯೆ. 2023ರಲ್ಲಿ ಬಂದ 11ನೇ ಆವೃತ್ತಿಯಿಂದ ಫೌಂಡೇಶನ್ ಸಾಲ್ವರುಗಳ ಏರ್ಪಾಡನ್ನೇ ಬದಲಿಸಿದೆ. ಹಳೆಯ ಪಾಠದಲ್ಲಿ ಹೇಳಿದ ಆಜ್ಞೆ ಟೈಪ್ ಮಾಡಿದರೆ ಅದು ಪಾಠದ ಹಾಗೆ ನಡೆಯದೇ ಇರಬಹುದು. ತಪ್ಪು ನಿಮ್ಮದಲ್ಲ. ಪಾಠ ನೋಡಿಕೊಂಡು ಕಲಿಯುವವರಿಗೆ ಇಎಸ್‌ಐ ಕವಲು ಸುಲಭ.

ಸಾಲ್ವರ್ ಆರಿಸುವಾಗ ಬೂಸಿನೆಸ್ಕ್ ಎಂಬ ಹೆಸರು ಎದುರಾಗುತ್ತದೆ. ಅದರ ಅರ್ಥ ಇಷ್ಟು: ಸಾಂದ್ರತೆಯ ವ್ಯತ್ಯಾಸ ತೀರ ಸಣ್ಣದು, ಅದನ್ನು ತೂಕದ ಲೆಕ್ಕದಲ್ಲಿ ಮಾತ್ರ ನೋಡೋಣ, ಉಳಿದ ಕಡೆ ಒಂದೇ ಅಂತ ಇಟ್ಟುಕೊಳ್ಳೋಣ. ಜಲಾಶಯದ ನೀರಿನಲ್ಲಿ ಸಾಮಾನ್ಯವಾಗಿ ವ್ಯತ್ಯಾಸ ಒಂದು ಶೇಕಡಾವೂ ಇರುವುದಿಲ್ಲ, ಧಾರಾಳವಾಗಿ ನಡೆಯುತ್ತದೆ. 5 ಡಿಗ್ರಿ ವ್ಯತ್ಯಾಸದ ಮನೆಯ ಗಾಳಿಗೂ ನಡೆಯುತ್ತದೆ. 30 ಡಿಗ್ರಿಯ ಏಲಕ್ಕಿ ಕೋಣೆ ಗಡಿಯ ಮೇಲೆ ನಿಂತಿದೆ. ಅಲ್ಲಿ ಬಾಯಂಟ್‌ಪಿಂಪಲ್‌ಫೋಮ್ ಥರದ ಪೂರ್ತಿ ಸಾಲ್ವರ್ ಹಿಡಿಯಿರಿ. ಬೆಂಕಿ, ಹೊಗೆ ಇದ್ದರೆ ಬೂಸಿನೆಸ್ಕ್ ಹೆಸರೇ ಎತ್ತಬೇಡಿ.

ನನ್ನ ಕಥೆಯೊಂದು. ಮೊದಲ ಸಲ ಭಾರದ ನೀರು ಹಗುರದ ನೀರಿನ ಕೆಳಗೆ ನುಗ್ಗುವುದನ್ನು ನೋಡಲು ಕೂತೆ. ಎರಡು ದಿನ ಓಡಿಸಿದೆ. ನೀರು ಅಲ್ಲಾಡಲೇ ಇಲ್ಲ. ಬಲೆ ಬದಲಿಸಿದೆ, ಸಮಯದ ಹೆಜ್ಜೆ ಬದಲಿಸಿದೆ, ಕೋಪ ಬಂದು ಲ್ಯಾಪ್‌ಟಾಪ್ ಮುಚ್ಚಿಟ್ಟು ಮೆಣಸಿನ ಬಳ್ಳಿ ಕಟ್ಟಲು ಹೋದೆ. ಆಮೇಲೆ ಗೊತ್ತಾಯಿತು. ಎರಡು ಆಯಾಮದ ಕೇಸಿನಲ್ಲಿ ಮೇಲೆ ಕೆಳಗೆ ಅನ್ನುವುದು ವೈ ದಿಕ್ಕು. ನಾನು ಗುರುತ್ವವನ್ನು ಝಡ್ ದಿಕ್ಕಿಗೆ ಕೊಟ್ಟಿದ್ದೆ. ಪಾಪ, ನೀರು ಪರದೆಯೊಳಗೆ ಬೀಳಲು ನೋಡುತ್ತಿತ್ತು, ಅಲ್ಲಿ ಜಾಗವೇ ಇರಲಿಲ್ಲ.

ಫ್ಲುಯೆಂಟ್ ಮತ್ತು ಅದರ ನೆಂಟರು

ಆನ್ಸಿಸ್ ಫ್ಲುಯೆಂಟ್‌ಗೆ ವಿದ್ಯಾರ್ಥಿಗಳ ಉಚಿತ ಆವೃತ್ತಿ ಇದೆ. ವಿಂಡೋಸ್‌ನಲ್ಲಿ ಓಡುತ್ತದೆ, ಕಿಟಕಿ ಗುಂಡಿಗಳೆಲ್ಲ ಇವೆ, ವಾರದಲ್ಲಿ ಏನಾದರೂ ತೋರಿಸಬಹುದು. ಕೆಲಸಕ್ಕೆ ಸೇರುವಾಗ ಬಯೋಡೇಟಾದಲ್ಲಿ ಈ ಹೆಸರಿಗೆ ಬೆಲೆಯೂ ಇದೆ. ಆದರೆ ಕೋಶಗಳ ಸಂಖ್ಯೆಗೆ ಮಿತಿ ಇದೆ, ದುಡ್ಡು ಪಡೆಯುವ ಕೆಲಸಕ್ಕೆ ಬಳಸುವಂತಿಲ್ಲ. ಬೆಳೆಗಾರರು ಇದನ್ನು ಮುಟ್ಟದಿರುವುದೇ ಒಳ್ಳೆಯದು. ಬೂಸಿನೆಸ್ಕ್ ಇಲ್ಲಿಯೂ ಸಾಂದ್ರತೆಯ ಪಟ್ಟಿಯಲ್ಲಿ ಒಂದು ಆಯ್ಕೆಯಾಗಿ ಕೂತಿರುತ್ತದೆ. ಯಾಕೆ ಅಂತ ತಿಳಿಯದೆ ಒತ್ತುವುದು ಇನ್ನೂ ಸುಲಭ, ಅಷ್ಟೇ ವ್ಯತ್ಯಾಸ. ಕಾಮ್ಸಾಲ್ ಕೂಡ ಚೆನ್ನಾಗಿದೆ, ಲೈಸೆನ್ಸ್ ದುಬಾರಿ. ಸಂಸ್ಥೆ ಕೊಡಿಸಿದರೆ ತೆಗೆದುಕೊಳ್ಳಿ.

ಗಣಿತ ಇಷ್ಟಪಡುವವರಿಗೆ ಪೈಥಾನ್‌ನ ಡೆಡಾಲಸ್ ಇದೆ. ಸಮೀಕರಣವನ್ನು ಹೆಚ್ಚುಕಡಿಮೆ ಪುಸ್ತಕದಲ್ಲಿ ಇರುವ ಹಾಗೇ ಬರೆಯಬಹುದು. ಕೆಳಗಿನಿಂದ ಬಿಸಿ ಮಾಡಿದ ತೆಳು ಪದರ ಯಾವಾಗ ಮೇಲೆ ಕೆಳಗೆ ಹೊರಳಲು ಶುರುಮಾಡುತ್ತದೆ, ರೇಲೀ ಸಂಖ್ಯೆ (ಬಿಸಿಯಿಂದ ಮೇಲೇಳುವ ಬಲ ಅದನ್ನು ತಡೆಯುವುದಕ್ಕಿಂತ ಎಷ್ಟು ದೊಡ್ಡದು ಎಂಬ ಅಳತೆ) 1708 ದಾಟಿದಾಗ ಏನಾಗುತ್ತದೆ, ಇಂಥದ್ದನ್ನು ನೋಡಲು ಬಹಳ ಚಂದ. ಟ್ರೇ, ಪೈಪು, ಗೂಡು ಇರುವ ಕೋಣೆಗೆ ಒಗ್ಗುವುದಿಲ್ಲ. ಅಂದಹಾಗೆ, 3 ಮೀಟರಿನ ಕೋಣೆಯಲ್ಲಿ 5 ಡಿಗ್ರಿ ವ್ಯತ್ಯಾಸಕ್ಕೆ ಅದೇ ಸಂಖ್ಯೆ ಸಾವಿರ ಕೋಟಿ ದಾಟುತ್ತದೆ.

ಜಲಾಶಯಕ್ಕೆ ಬೇರೆಯೇ ದಾರಿ

ಪೊನ್ನಂಪೇಟೆಯ ಹುಡುಗಿ ಓಪನ್‌ಫೋಮ್‌ನಲ್ಲಿ ಹಾರಂಗಿಯನ್ನು ಪೂರ್ತಿ ಕಟ್ಟುತ್ತೇನೆ ಅಂತ ಹೊರಟಿದ್ದಳು. ನಾಲ್ಕು ತಿಂಗಳು ಸಮಯ, 8 ಜಿಬಿ ಲ್ಯಾಪ್‌ಟಾಪ್. ಬೇಡ ಅಂದೆ. ಒಂದು ಮೀಟರಿನ ಕೋಶ ಇಟ್ಟರೂ ಒಂದು ಚದರ ಕಿಲೋಮೀಟರಿಗೆ 20 ಮೀಟರ್ ಆಳಕ್ಕೆ ಎರಡು ಕೋಟಿ ಕೋಶ. ಅದನ್ನು ಇಡೀ ಮಳೆಗಾಲ ಓಡಿಸಬೇಕು. ಆಗದ ಮಾತು.

ಅವಳಿಗೆ ಎರಡು ಹೆಸರು ಕೊಟ್ಟೆ. ಒಂದು ಜಿಎಲ್‌ಎಂ. ಇದು ಸರೋವರವನ್ನು ಒಂದರ ಮೇಲೊಂದು ಪದರವಾಗಿ ಮಾತ್ರ ನೋಡುತ್ತದೆ. ಉದ್ದ ಅಗಲ ಮರೆತುಬಿಡುತ್ತದೆ. ಒಂದು ವರ್ಷದ ಲೆಕ್ಕ ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ಒಳಬರುವ ನೀರನ್ನು ಅದರ ತೂಕಕ್ಕೆ ತಕ್ಕ ಪದರದಲ್ಲಿ ಸೇರಿಸುತ್ತದೆ. ಆದರೆ ಅಲ್ಲಿ ತೂಕ ಅಂದರೆ ಶಾಖ ಮತ್ತು ಉಪ್ಪಿನ ಲೆಕ್ಕ. ಬೇಸಿಗೆಯ ಪ್ರಶ್ನೆಗೆ ಇದು ಸರಿ. ಏಪ್ರಿಲಿನಲ್ಲಿ ತಳದ ನೀರು ಎಷ್ಟು ತಂಪು ಎನ್ನುವಂಥದ್ದಕ್ಕೆ.

ಇನ್ನೊಂದು ಸಿಇ-ಕ್ವಾಲ್-ಡಬ್ಲ್ಯೂ2. ಅಮೆರಿಕದ ಸೇನೆಯ ಇಂಜಿನಿಯರುಗಳ ವಿಭಾಗದಲ್ಲಿ ಬೆಳೆದು ಈಗ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತಿರುವ ಉಚಿತ ತಂತ್ರಾಂಶ. ಉದ್ದ ಮತ್ತು ಆಳ ನೋಡುತ್ತದೆ, ಅಡ್ಡಗಲವನ್ನು ಸರಾಸರಿ ಮಾಡುತ್ತದೆ. ನದಿಯ ಕಣಿವೆಗೆ ಅಣೆ ಕಟ್ಟಿ ನಿಲ್ಲಿಸಿದ ಉದ್ದನೆಯ ಜಲಾಶಯಕ್ಕೆ ಹೇಳಿ ಮಾಡಿಸಿದ್ದು. ಮುಖ್ಯವಾಗಿ, ನೀರಿನಲ್ಲಿ ತೇಲುವ ಮಣ್ಣನ್ನೂ ಸಾಂದ್ರತೆಗೆ ಸೇರಿಸುತ್ತದೆ. ಅವಳ ಪ್ರಶ್ನೆಗೆ ಬೇಕಾದದ್ದು ಇದೇ ಅಲ್ವಾ? ಕೊರತೆ ಅಂದರೆ, ಕೆಸರುನೀರು ತಿಳಿನೀರಿನ ಕೆಳಗೆ ಧುಮುಕುವ ಜಾಗದ ಸುಳಿ, ಕಲಕಾಟ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಲಂಬ ದಿಕ್ಕಿನ ಹರಿವಿನ ಲೆಕ್ಕವನ್ನು ಅದು ಸರಳ ಮಾಡಿಕೊಂಡಿರುತ್ತದೆ. ಆ ಒಂದು ಜಾಗ ಮಾತ್ರ ಬೇಕಾದರೆ, ಆ ತುಂಡನ್ನಷ್ಟೇ ಎರಡು ಆಯಾಮದಲ್ಲಿ ಓಪನ್‌ಫೋಮ್‌ಗೆ ಕೊಡಬಹುದು.

ಒಂದು ಎಚ್ಚರಿಕೆ ಮೊದಲೇ ಹೇಳಿದೆ. ಇಲ್ಲಿ ತಡವಾಗುವುದು ತಂತ್ರಾಂಶದಿಂದಲ್ಲ. ಜಲಾಶಯದ ತಳದ ನಕ್ಷೆ, ದಿನದಿನದ ಒಳಹರಿವು, ನೀರಿನ ಶಾಖ, ಕೆಸರಿನ ಪ್ರಮಾಣ, ಇವುಗಳನ್ನು ಕೇಳಿಕೊಂಡು ಅಲೆಯುವುದರಲ್ಲಿ ಎರಡು ತಿಂಗಳು ಹೋಗುತ್ತದೆ. ಪತ್ರಿಕೆಯಲ್ಲಿ ಬರುವ 2,859 ಅಡಿ ಎಂಬ ತುಂಬಿದ ಮಟ್ಟದ ಸಂಖ್ಯೆಯೊಂದನ್ನೇ ಹಿಡಿದು ಯಾವ ಮಾದರಿಯೂ ಓಡುವುದಿಲ್ಲ. ಅರ್ಜಿ ಮೊದಲು, ಡೌನ್‌ಲೋಡ್ ಆಮೇಲೆ.

ಕಣಿವೆಯ ತಂಪು ಗಾಳಿಯ ಬಗ್ಗೆ ಕೇಳುವವರೂ ಇದ್ದಾರೆ. ಅದಕ್ಕೆ ಹವಾಮಾನ ಲೆಕ್ಕ ಹಾಕುವ ಡಬ್ಲ್ಯೂಆರ್‌ಎಫ್, ಹ್ಯಾನೋವರ್ ವಿಶ್ವವಿದ್ಯಾಲಯದ ಪಾಮ್ ಥರದವು ಇವೆ. ಮನೆಯ ಲ್ಯಾಪ್‌ಟಾಪಿನ ಕೆಲಸ ಅಲ್ಲ. ಗದ್ದೆಯಲ್ಲಿ ಒಂದು, ತೋಟದ ಮಧ್ಯೆ ಒಂದು, ಗುಡ್ಡದ ತುದಿಯಲ್ಲಿ ಒಂದು ಶಾಖ ದಾಖಲಿಸುವ ಯಂತ್ರ ಕಟ್ಟಿ ಒಂದು ಚಳಿಗಾಲ ಬಿಟ್ಟರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ.

ಗುಡ್ಡ ಜಾರಿದ್ದಕ್ಕೆ

ದೊಡ್ಡಮ್ಮನ ಮಗನಿಗೆ ಹೇಳಿದ್ದು ಬೇರೆ. ಮಣ್ಣು ಕಲ್ಲು ನೀರು ಕಲೆತು ಹರಿಯುವುದೂ ಭಾರದಿಂದಲೇ ಹರಿಯುವುದು. ಆದರೆ ಅದು ನೀರಿನ ಹಾಗೆ ನಡೆದುಕೊಳ್ಳುವುದಿಲ್ಲ. ಅದರ ಸಾಂದ್ರತೆ ಘನ ಮೀಟರಿಗೆ 2000 ಕಿಲೋದ ಆಸುಪಾಸು. ತಳದ ಉಜ್ಜಾಟವೇ ಅದರ ಹಣೆಬರಹ ಬರೆಯುತ್ತದೆ. ಇದಕ್ಕೆ ಜಿಐಎಸ್ (ಕಂಪ್ಯೂಟರಿನ ನಕ್ಷೆ ತಂತ್ರಾಂಶ) ಜೊತೆ ಕೆಲಸ ಮಾಡುವ ಆರ್-ಅವಾಫ್ಲೋ ಉಚಿತವಾಗಿ ಸಿಗುತ್ತದೆ. ಸ್ವಿಟ್ಜರ್‌ಲ್ಯಾಂಡಿನ ರಾಮ್ಸ್ ಬಳಸಲು ಸುಲಭ, ಆದರೆ ಲೈಸೆನ್ಸ್ ಬೇಕು. ಎರಡೂ ಹರಿವಿನ ವೇಗವನ್ನು ಮೇಲಿನಿಂದ ತಳದವರೆಗೆ ಸರಾಸರಿ ಮಾಡಿ ಭೂಮಿಯ ಮೇಲೆ ಓಡಿಸುತ್ತವೆ.

ಭೂಮಿಯ ನಕ್ಷೆಯಲ್ಲೇ ನಮ್ಮ ಕಡೆ ಕಷ್ಟ. ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳಲ್ಲಿ ಹೆಚ್ಚಿನವು 30 ಮೀಟರಿಗೆ ಒಂದು ಬಿಂದು. ಮಣ್ಣು ಹರಿದ ತೋಡು ಹತ್ತು ಮೀಟರ್ ಅಗಲ ಇದ್ದರೆ ಅದು ನಕ್ಷೆಯಲ್ಲಿ ಇಲ್ಲವೇ ಇಲ್ಲ. ಮೇಲಿನಿಂದ ನೋಡುವ ಉಪಗ್ರಹಕ್ಕೆ ನೆರಳಿನ ಸಿಲ್ವರ್ ಓಕ್ ಮರದ ತಲೆಯೂ ನೆಲದ ಎತ್ತರಕ್ಕೆ ಸೇರಿಕೊಳ್ಳುತ್ತದೆ. ಮರ ಕಡಿದ ಜಾಗ ಹಳ್ಳದ ಹಾಗೆ, ಮರ ಇರುವ ಜಾಗ ದಿಬ್ಬದ ಹಾಗೆ ಕಾಣುತ್ತದೆ. ಮಾದರಿಯ ಮಣ್ಣು ಆ ಸುಳ್ಳು ಹಳ್ಳದಲ್ಲೇ ಹರಿಯುತ್ತದೆ.

ಉಜ್ಜಾಟದ ಸಂಖ್ಯೆಯನ್ನು ಸಾಮಾನ್ಯವಾಗಿ ಆಗಿಹೋದ ಕುಸಿತಕ್ಕೆ ಹೊಂದುವ ಹಾಗೆ ಹಿಂದಿನಿಂದ ಸರಿಮಾಡಿ ಹಾಕುವುದು. ಆದ್ದರಿಂದ 2018ರಲ್ಲಿ ಏನಾಯಿತು ಎಂದು ತಿಳಿಯಲು ಓಡಿಸು, ಮುಂದಿನ ಮಳೆಗೆ ಯಾರ ಮನೆ ಉಳಿಯುತ್ತದೆ ಅಂತ ಹೇಳಲು ಓಡಿಸಬೇಡ ಎಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು. ಆಗಲಿ. ಆ ನಕ್ಷೆಯ ಚಿತ್ರ ವಾಟ್ಸಾಪಿನಲ್ಲಿ ಹೋದರೆ ಕೆಂಪು ಬಣ್ಣದೊಳಗೆ ಸಿಕ್ಕವರ ನಿದ್ದೆ ಹೋಗುತ್ತದೆ. ಹೊರಗೆ ಉಳಿದವರು ಬಿಡಬೇಕಾದ ಮನೆಯನ್ನು ಬಿಡದೆ ಕೂರಬಹುದು.

ಓಪನ್‌ಫೋಮೇ ಬೇಕು ಅನ್ನುವವರಿಗೆ ಒಂದು ಪರೀಕ್ಷೆ

ಆರಿಸಿಕೊಂಡ ಮೇಲೆ, ನಿಮ್ಮ ಕೇಸು ಓಡಿಸುವ ಮೊದಲು ಇದನ್ನು ಮಾಡಿ. ಖರ್ಚು ಒಂದು ಮೀನಿನ ತೊಟ್ಟಿ ಮತ್ತು ಒಂದು ಪ್ಯಾಕೆಟ್ ಉಪ್ಪು. 60 ಸೆಂಟಿಮೀಟರ್ ಉದ್ದದ ಗಾಜಿನ ತೊಟ್ಟಿಯ ನಡುವೆ ಒಂದು ತಗಡು ಬಿಗಿಯಾಗಿ ನಿಲ್ಲಿಸಿ. ಎರಡೂ ಕಡೆ 20 ಸೆಂಟಿಮೀಟರ್ ನೀರು. ಒಂದು ಕಡೆಗೆ ಲೀಟರಿಗೆ 20 ಗ್ರಾಂ ಉಪ್ಪು, ಸ್ವಲ್ಪ ಬಣ್ಣ. ಎರಡೂ ಕಡೆಯ ನೀರು ಒಂದೇ ಶಾಖಕ್ಕೆ ಬರಲಿ. ತಗಡು ಎಳೆಯಿರಿ.

ಬಣ್ಣದ ನೀರು ತಳದಲ್ಲಿ ನಾಲಿಗೆ ಚಾಚಿದ ಹಾಗೆ ಓಡುತ್ತದೆ, ತಿಳಿನೀರು ಮೇಲೆ ಎದುರು ಓಡುತ್ತದೆ. ಸಾಂದ್ರತೆಯ ವ್ಯತ್ಯಾಸ ಸುಮಾರು 14 ಕಿಲೋ, ಅಂದರೆ 1.4 ಶೇಕಡಾ. ಅದನ್ನು 9.8ಕ್ಕೂ 0.2 ಮೀಟರ್ ಆಳಕ್ಕೂ ಗುಣಿಸಿ, ವರ್ಗಮೂಲ ತೆಗೆದು, ಅರ್ಧ ಮಾಡಿ. ಸೆಕೆಂಡಿಗೆ 8 ಸೆಂಟಿಮೀಟರ್ ಚಿಲ್ಲರೆ. ತಳದ ಉಜ್ಜಾಟದಿಂದ ನಿಜವಾದ ವೇಗ ಇದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ತೊಟ್ಟಿಯ ತುದಿ ಮುಟ್ಟಲು ನಾಲ್ಕು ಸೆಕೆಂಡ್. ಕಣ್ಣಿಗೆ ಸಿಗುವುದಿಲ್ಲ, ಗಾಜಿಗೆ ಅಳತೆಪಟ್ಟಿ ಅಂಟಿಸಿ ಫೋನಿನಲ್ಲಿ ವಿಡಿಯೋ ತೆಗೆದು ಆಮೇಲೆ ಒಂದೊಂದೇ ಚಿತ್ರ ನೋಡಿ.

ಇದೇ ಆಟ ಇಎಸ್‌ಐ ಕವಲಿನ ಟ್ಯುಟೋರಿಯಲ್‌ಗಳಲ್ಲಿ ಲಾಕ್ ಎಕ್ಸ್‌ಚೇಂಜ್ ಎಂಬ ಹೆಸರಿನಲ್ಲಿ ಸಿದ್ಧವಾಗಿ ಕೂತಿದೆ. ಅದರ ಅಳತೆ, ಸಾಂದ್ರತೆಗಳನ್ನು ನಿಮ್ಮ ತೊಟ್ಟಿಯದ್ದಕ್ಕೆ ಬದಲಿಸಿ. 2 ಮಿಲಿಮೀಟರ್ ಕೋಶ ಇಟ್ಟರೆ 30,000 ಕೋಶ, ಯಾವ ಲ್ಯಾಪ್‌ಟಾಪಿಗೂ ಭಾರವಲ್ಲ. ಪರದೆಯ ನಾಲಿಗೆ 5 ಸೆಂಟಿಮೀಟರ್ ವೇಗದಲ್ಲಿ ತೆವಳಿದರೆ ನಿಮ್ಮ ಫೈಲಿನಲ್ಲಿ ಎಲ್ಲೋ ಒಂದು ಸಂಖ್ಯೆ ತಪ್ಪಿದೆ. ಅಲ್ಲಾಡದೆ ನಿಂತರೆ ಮೊದಲು ಗುರುತ್ವದ ದಿಕ್ಕು ನೋಡಿ.